ತೂಕಕ್ಕೆ ಹೆದರಬೇಡ, ಓಲಾಟಕ್ಕೆ ಹೆದರು

ಪುಟ್ಟಿ, ನೀನು ಕಳಿಸಿದ ನಕ್ಷೆಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಕೊಂಡಾಗಿದೆ. ಅದರ ಸ್ಟ್ಯಾಂಡನ್ನು ಆಚಾರಿಗಳಿಗೆ ಒಪ್ಪಿಸದೆ ನೀನೇ ಮರ ತಂದು ಮಾಡುತ್ತೇನೆ ಅಂತ ಹಟ ಹಿಡಿದಿದ್ದೀಯ. ಒಳ್ಳೆಯದು, ಮಾಡು. ನಿಮ್ಮಮ್ಮ ಗೊಣಗಿದರೆ ಮಾವ ಹೇಳಿದ ಅನ್ನು, ನನ್ನ ಹತ್ತಿರ ಬರಲಿ. ಆದರೆ ಆ ನಕ್ಷೆಯಂತೆ ಮಾತ್ರ ಮಾಡಬೇಡ. ನಾಲ್ಕು ಮೂಲೆಗೂ ನಾಲ್ಕಿಂಚು ದಪ್ಪದ ಕಾಲು ಬರೆದಿದ್ದೀಯ, ಮೇಲೆ ಅರ್ಧ ಇಂಚಿನ ಪ್ಲೈವುಡ್ಡು, ಹಿಂಬದಿಗೆ ಏನೂ ಇಲ್ಲ. ಕಾಲು ದಪ್ಪಗಿದ್ದರೆ ಸ್ಟ್ಯಾಂಡು ಗಟ್ಟಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೇರವಾಗಿ ಇಳಿಯುವ ಭಾರ ಹೊರುವುದು ಮರಕ್ಕೆ ಸಲೀಸು. ಅದು ಸೋಲುವುದು ಬೇರೆ ಕಡೆ: ಪಕ್ಕಕ್ಕೆ ಓಲಾಡದೆ ನಿಲ್ಲುವುದರಲ್ಲಿ, ನಡುವೆ ಬಾಗದಿರುವುದರಲ್ಲಿ, ಒದ್ದೆಯಲ್ಲಿ ಉಬ್ಬದಿರುವುದರಲ್ಲಿ. ನಿನ್ನ ದುಡ್ಡೂ ಬೆವರೂ ಅಲ್ಲಿಗೆ ಹೋಗಲಿ.

ಮೊದಲು ಭಾರ ಎಷ್ಟು ಅಂತ ಕೂಡಿಬಿಡೋಣ. ಒಂದು ಘನ ಅಡಿ ನೀರು ಅಂದರೆ 28 ಲೀಟರ್ ಚಿಲ್ಲರೆ. ನಿನ್ನ ಟ್ಯಾಂಕು ಒಂಬತ್ತು ಘನ ಅಡಿ, ಸುಮಾರು 255 ಲೀಟರ್. ಮೇಲೆ ಎರಡು ಬೆರಳು ಖಾಲಿ ಬಿಡುತ್ತೀಯ, ಗಾಜಿನ ದಪ್ಪವೂ ಒಂದಿಷ್ಟು ಜಾಗ ತಿನ್ನುತ್ತದೆ, ಆದರೂ ಲೆಕ್ಕಕ್ಕೆ ಪೂರ್ತಿ ಹಿಡಿ: 255 ಕೆಜಿ. ಗಾಜಿನ ತೂಕ ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ 2.5 ಕೆಜಿ. ನಿನ್ನದು 10 ಮಿ.ಮೀ. ಗಾಜಾದರೆ ಖಾಲಿ ಟ್ಯಾಂಕೇ 50 ಕೆಜಿ ತೂಗುತ್ತದೆ. ತಳಕ್ಕೆ ಎರಡಿಂಚು ಮರಳು ಹಾಸಿದರೆ ಇನ್ನೊಂದು 40. ಕಲ್ಲು, ದೀಪ, ಮುಚ್ಚಳ ಎಲ್ಲ ಸೇರಿ 350 ಕೆಜಿ ಅಂತ ಇಟ್ಟುಕೋ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ನಾಲ್ಕು ಕಾಲಿಗೆ ಹಂಚಿದರೆ ಒಂದೊಂದರ ಪಾಲಿಗೆ 90 ಕೆಜಿಯೂ ಬರುವುದಿಲ್ಲ. ಎರಡಿಂಚು ಚೌಕದ, ಎರಡೂವರೆ ಅಡಿಗಿಂತ ಎತ್ತರವಿಲ್ಲದ ಸಾಗುವಾನಿ ಕಾಲು ನೆಟ್ಟಗೆ ನಿಂತಿದ್ದರೆ ಒಂದು ಟನ್ನಿಗಿಂತ ಹೆಚ್ಚೇ ಹೊರುತ್ತದೆ. ಹಾಗಾಗಿ ಆ ನಾಲ್ಕಿಂಚಿನ ಕಾಲಿಗೆ ಹಾಕುವ ದುಡ್ಡನ್ನು ಮೇಲಿನ ಪಟ್ಟಿಗಳಿಗೂ ಹಿಂಬದಿಯ ಹಾಳೆಗೂ ಹಾಕು.

ಮರ ಮುಟ್ಟುವ ಮುಂಚೆ ಜಾಗ ನೋಡು. ನಿಮ್ಮದು ಎರಡನೇ ಮಹಡಿಯ ಮನೆ. ವಾಸದ ಕೋಣೆಗಳ ಸ್ಲ್ಯಾಬಿಗೆ ಚದರ ಮೀಟರಿಗೆ 200 ಕೆಜಿ ಭಾರ ಅಂತ ಹಿಡಿದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ, ಭಾರತೀಯ ಮಾನಕ ಐಎಸ್ 875ರಲ್ಲಿ ಇರುವುದೂ ಅಷ್ಟೇ. ನಿನ್ನ ಟ್ಯಾಂಕು ನಿಲ್ಲುವ ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟರಲ್ಲೇ ಸ್ಟ್ಯಾಂಡೂ ಸೇರಿ 400 ಕೆಜಿ ಕೂರುತ್ತದೆ. ಸ್ಲ್ಯಾಬು ಕುಸಿದುಬಿಡುತ್ತದೆ ಅಂತ ಹೇಳುತ್ತಿಲ್ಲ, ಆ 200 ಇಡೀ ಕೋಣೆಗೆ ಹರಡಿದ ಲೆಕ್ಕ. ಆದರೂ ಕೋಣೆಯ ನಟ್ಟನಡುವೆ ಇಡುವುದು ಬೇಡ. ಗೋಡೆಗೆ ಒತ್ತಿ ಇಡು, ಕೆಳಗೆ ತೊಲೆ ಹಾದುಹೋಗಿರುವ ಗೋಡೆಯಾದರೆ ಇನ್ನೂ ವಾಸಿ. ಬಾಲ್ಕನಿಯ ಮಾತೇ ಎತ್ತಬೇಡ, ಬಿಸಿಲಿಗೆ ಪಾಚಿಯೂ ಹಬ್ಬುತ್ತದೆ. ಊರಿನ ಹಳೇ ಮನೆಯ ಮರದ ಹಲಗೆಯ ಉಪ್ಪರಿಗೆಗೂ ಇದು ಸಲ್ಲ. ಮುಂದೆ ಎಂದಾದರೂ ಆರಡಿ ಟ್ಯಾಂಕಿನ ಆಸೆ ಹುಟ್ಟಿದರೆ, ಮೊದಲು ಕಟ್ಟಡ ಬಲ್ಲ ಎಂಜಿನಿಯರನ್ನು ಮನೆಗೆ ಕರೆಸಿ ಕಾಫಿ ಕೊಡು.

ಟೈಲ್ಸನ್ನು ಬೆರಳ ಗೆಣ್ಣಿನಿಂದ ಬಡಿದು ನೋಡು. ಕೆಳಗೆ ಸಿಮೆಂಟು ತುಂಬದೆ ಪೊಳ್ಳಾಗಿದ್ದರೆ ಡಬಡಬ ಅನ್ನುತ್ತದೆ, ಅಂಥ ಕಡೆ ಕಾಲು ಕೂತರೆ ಟೈಲು ಸೀಳುತ್ತದೆ. ಇನ್ನೊಂದು, ನೆಲ ತೊಳೆದ ನೀರು ಹೊರಗೆ ಹೋಗಲಿ ಅಂತ ನಮ್ಮ ಮೇಸ್ತ್ರಿಗಳು ಬಾಗಿಲ ಕಡೆಗೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ರಸಮಟ್ಟ ಇಟ್ಟರೆ ಗುಳ್ಳೆ ಪಕ್ಕಕ್ಕೆ ಸರಿಯುತ್ತದೆ. ರಸಮಟ್ಟ ಚಿಕ್ಕದಾದರೆ ನಂಬಬೇಡ, ನಾಲ್ಕಡಿಯ ನೇರ ಪಟ್ಟಿಯ ಮೇಲೆ ಅದನ್ನಿಟ್ಟು ನೋಡು, ಇಲ್ಲವೇ ಮೇಸ್ತ್ರಿಗಳ ನೀರಿನ ಟ್ಯೂಬು ತರಿಸಿಕೋ. ಎಷ್ಟು ವಾಟ ಇದೆ, ಯಾವ ಕಡೆಗೆ ಇದೆ ಅಂತ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡು, ಕಾಲುಗಳನ್ನು ಕೂರಿಸುವಾಗ ಬೇಕಾಗುತ್ತದೆ.

ಇನ್ನು ಮರ. ಈ ವಿಷಯದಲ್ಲಿ ನನಗೆ ಮಾತು ಜಾಸ್ತಿ, ಸಹಿಸಿಕೋ.

ಸಾಗುವಾನಿ ಕೈಗೆಟುಕಿದರೆ ಬೇರೆ ಯೋಚನೆ ಬೇಡ. ಅದರಲ್ಲಿ ಎಣ್ಣೆಯಂಶ ಇದೆ, ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಮಳೆಗಾಲ ಬೇಸಿಗೆಗಳ ನಡುವೆ ಹಿಗ್ಗಿ ಕುಗ್ಗುವುದೂ ಕಡಿಮೆ. ಅಂಗಡಿಯಲ್ಲಿ ದಾಂಡೇಲಿಯದು ಅನ್ನುತ್ತಾರೆ, ಬರ್ಮಾದ್ದು ಅನ್ನುತ್ತಾರೆ. ಹೆಸರು ಕೇಳಬೇಡ, ತುಂಡಿನ ಕಡಿದ ಮುಖ ನೋಡು. ತೋಪಿನಲ್ಲಿ ಬೇಗ ಬೆಳೆಸಿ ಬೇಗ ಕಡಿದ ಎಳೆ ಮರದಲ್ಲಿ ತೊಗಟೆ ಪಕ್ಕದ ಬಿಳಿ ಭಾಗ ಜಾಸ್ತಿ ಇರುತ್ತದೆ. ಕುಟ್ಟೆ ಹುಳು ಮೊದಲು ನುಗ್ಗುವುದು ಆ ಬಿಳಿ ಭಾಗಕ್ಕೆ. ಕೆಚ್ಚೇ ಹೆಚ್ಚಿರುವ ತುಂಡು ಆರಿಸಿಕೋ, ಗಂಟು ಇರುವುದನ್ನು ಪಟ್ಟಿಗೆ ಬಳಸಬೇಡ. ಕಾಲಿಗಾದರೆ ಸಣ್ಣ ಗಂಟು ನಡೆದೀತು.

ಹೊನ್ನೆಯೂ ಗಟ್ಟಿ, ಬಾಳಿಕೆಯೂ ಚೆನ್ನ. ಆದರೆ ಅದು ನೀರು ತಾಗಿದರೆ ಬಣ್ಣ ಬಿಡುವ ಮರ. ಸಕ್ಕರೆ ಕಾಯಿಲೆಗೆ ಅಂತ ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರನ್ನು ನೀನೂ ಕಂಡಿದ್ದೀಯ. ಪಾಲಿಶು ಸವೆದ ಕಡೆ ಹನಿ ಬಿದ್ದರೆ ನಿನ್ನ ಬಿಳಿ ಟೈಲ್ಸಿನ ಮೇಲೆ ಕಲೆ ಖಂಡಿತ. ಮತ್ತಿ ಭಾರೀ ಬಲದ ಮರ, ಒಣಗುವಾಗ ಮಾತ್ರ ಬಿರುಕು ಬಿಡುತ್ತದೆ, ಹೊಸ ಕೈಗೆ ಕೊಯ್ಯಲೂ ಕಷ್ಟ. ಹಲಸು ಒಳ್ಳೆಯ ಮಧ್ಯಮ ದಾರಿ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ ಅಂತ ಅಳಿಯಂದಿರು ಹೇಳಿದರಂತೆ. ಸ್ಟ್ಯಾಂಡಿನ ಬಾಗಿಲಿಗೆ ಬೇಕಾದರೆ ಹಾಕಿಸಲಿ, ಭಾರ ಹೊರುವ ಜಾಗಕ್ಕೂ ಒದ್ದೆಗೂ ಅದು ಒಗ್ಗುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತೆಳ್ಳಗಿರುತ್ತದೆ, ಮೊಳೆ ತೂತು ತುಂಬಿರುತ್ತದೆ, ಬೇಡ.

ನನ್ನನ್ನು ಕೇಳಿದರೆ ಹೊಸ ಮರಕ್ಕಿಂತ ಹಳೇ ಮನೆ ಕೆಡವಿದಾಗ ಬರುವ ಮರವೇ ಮೇಲು. ಐವತ್ತು ವರ್ಷ ಚಾವಣಿಯಲ್ಲಿ ತೊಲೆಯಾಗಿ ಕೂತಿದ್ದ ಸಾಗುವಾನಿ ಒಣಗುವಷ್ಟು ಒಣಗಿ, ಡೊಂಕಾಗುವುದಿದ್ದರೆ ಆಗಲೇ ಡೊಂಕಾಗಿ ಮುಗಿದಿರುತ್ತದೆ. ಹೊಸದಾಗಿ ಕೊಯ್ದ ಹಸಿ ಮರ ನಿನ್ನ ಮನೆಗೆ ಬಂದ ಮೇಲೆ ಒಣಗಲು ಶುರುಮಾಡುತ್ತದೆ, ಆಗ ಕೀಲು ಸಡಿಲವಾಗುತ್ತದೆ, ಮೇಲ್ಮೈ ತಿರುಚುತ್ತದೆ. ತಿರುಚಿದ ಮೇಲ್ಮೈ ಮೇಲೆ ಗಾಜು ಕೂರಿಸುವುದೆಂದರೆ ಏನು ಅಂತ ಆಮೇಲೆ ಹೇಳುತ್ತೇನೆ. ಹಳೇ ಮರ ಮಾರುವ ಅಂಗಡಿ ಯಾವ ಊರಿನಲ್ಲೂ ಒಂದೆರಡು ಇರುತ್ತವೆ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ವಿಚಾರಿಸು. ತಂದ ಮೇಲೆ ಒಂದು ಅಯಸ್ಕಾಂತ ಆಡಿಸಿ ಒಳಗೆ ಮುರಿದು ಉಳಿದ ಮೊಳೆಗಳನ್ನೆಲ್ಲ ಕಿತ್ತು ಹಾಕು. ಸಾಮಿಲ್ಲಿನವರು ಮೊಳೆ ಇರುವ ಮರವನ್ನು ಗರಗಸಕ್ಕೆ ಕೊಡಲು ಬಿಡುವುದಿಲ್ಲ, ಅವರ ಬ್ಲೇಡು ಹಾಳಾಗುತ್ತದಲ್ಲ.

ಅಳತೆ ಹೇಳುವಾಗ ಒಂದು ಸೂಕ್ಷ್ಮ ನೆನಪಿಡು: ಎರಡಿಂಚು ಅಂತ ಕೊಂಡ ಮರ ಹತ್ತರಿ ಹಾಕಿದ ಮೇಲೆ ಒಂದೂಮುಕ್ಕಾಲಿಗೆ ಇಳಿಯುತ್ತದೆ. ಹಾಗಾಗಿ 'ಫಿನಿಶ್ ಆದ ಮೇಲೆ ಇಷ್ಟು ಬೇಕು' ಅಂತಲೇ ಹೇಳು. ಸೈಜು ಮಾಡಿಸಿ, ನಾಲ್ಕೂ ಕಡೆ ಪ್ಲೇನ್ ಮಾಡಿಸಿಕೊಂಡೇ ಬಾ. ನಿನ್ನ ಸ್ಟ್ಯಾಂಡಿಗೆ ನನ್ನ ಲೆಕ್ಕದಲ್ಲಿ ಒಂದೂವರೆ ಘನ ಅಡಿ, ಅಂದರೆ ಅಂಗಡಿಯವರ ಮಾತಿನಲ್ಲಿ ಒಂದೂವರೆ ಸಿಎಫ್‌ಟಿ ಹಿಡಿಯುತ್ತದೆ. ಕೊಯ್ದು ಹೋಗುವುದು, ಬಿರುಕಿನ ತುದಿ ಕತ್ತರಿಸುವುದು ಸೇರಿ ಎರಡು ಸಿಎಫ್‌ಟಿ ತಗೋ.

ಈಗ ಕಟ್ಟುವ ವಿಚಾರಕ್ಕೆ ಬರುತ್ತೇನೆ. ಒಟ್ಟು ಎತ್ತರ ಎರಡೂವರೆ ಅಡಿ ಸಾಕು. ಸೋಫಾದಲ್ಲಿ ಕೂತಾಗ ಮೀನು ಕಣ್ಣೆದುರಿಗೆ ಬರುತ್ತವೆ, ನಿಂತು ಕೈ ಇಳಿಬಿಟ್ಟರೆ ಟ್ಯಾಂಕಿನ ತಳ ಸಿಗುತ್ತದೆ. ಇದಕ್ಕಿಂತ ಎತ್ತರಿಸಿದರೆ ತಳ ತೊಳೆಯಲು ಪ್ರತಿ ಸಲ ಸ್ಟೂಲು ಹತ್ತಬೇಕು. ಮಗು ಹಿಡಿದುಕೊಂಡು ಏಳಲು ಕಲಿಯುವ ಮನೆಯಲ್ಲಿ ಎತ್ತರದ, ಕಿರಿದಾದ ಸ್ಟ್ಯಾಂಡು ಕೂಡದೇ ಕೂಡದು. ನಿನ್ನ ಟ್ಯಾಂಕಿಗೆ ಒಂದೂವರೆ ಅಡಿ ಅಗಲ ಇರುವುದು ಪುಣ್ಯ.

ಮೇಲಿನ ಚೌಕಟ್ಟಿಗೆ ನಾಲ್ಕಿಂಚು ಅಗಲ, ಒಂದೂವರೆ ಇಂಚು ದಪ್ಪದ ಪಟ್ಟಿ ತಗೋ, ಅದನ್ನು ಅಂಚಿನ ಮೇಲೆ ನಿಲ್ಲಿಸಿ ಕೂರಿಸು. ಅದೇ ಪಟ್ಟಿಯನ್ನು ಮಲಗಿಸಿದರೆ ಎಷ್ಟು ಬಾಗುತ್ತದೋ, ನಿಲ್ಲಿಸಿದರೆ ಅದರ ಏಳನೇ ಒಂದು ಪಾಲು ಮಾತ್ರ ಬಾಗುತ್ತದೆ. ಒಂದು ರೂಪಾಯಿ ಹೆಚ್ಚು ಕೊಡದೆ ಏಳು ಪಟ್ಟು ಬಿಗಿ ಸಿಕ್ಕಂತಾಯಿತು. ಹಾಗೆ ನಿಲ್ಲಿಸಿದರೂ ನಾಲ್ಕಡಿ ಉದ್ದಕ್ಕೆ, ಅರ್ಧ ಭಾರ ಮುಂದಿನ ಪಟ್ಟಿಯ ಮೇಲೆ ಬಿದ್ದಾಗ, ನಡುವೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಇಳಿಯುತ್ತದೆ. ಆದ್ದರಿಂದ ಮುಂದೆ ಒಂದು, ಹಿಂದೆ ಒಂದು ನಡುಗಾಲು ಕೊಡು. ಪಟ್ಟಿಯ ಹರವು ಅರ್ಧಕ್ಕೆ ಇಳಿದರೆ ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುಂದಿನ ನಡುಗಾಲು ಬಾಗಿಲಿಗೆ ಅಡ್ಡ ಬರುತ್ತದೆ ಅಂತ ನೀನು ಮುಖ ಸಿಂಡರಿಸುತ್ತೀಯ, ಗೊತ್ತು. ಎರಡೂ ಪಕ್ಕ ಇಪ್ಪತ್ತಿಪ್ಪತ್ತು ಇಂಚಿನ ಬಾಗಿಲು ಬರುತ್ತವೆ, ಫಿಲ್ಟರ್ ಡಬ್ಬಿ ಆರಾಮಾಗಿ ಒಳಗೆ ಹೊರಗೆ ಹೋಗುತ್ತದೆ.

ಇಡೀ ಸ್ಟ್ಯಾಂಡಿನಲ್ಲಿ ಒಂದೇ ಒಂದು ಮಾತನ್ನು ನೆನಪಿಡುತ್ತೀಯಾದರೆ ಇದನ್ನು ನೆನಪಿಡು: ಪಟ್ಟಿ ಕಾಲಿನ ಮೇಲೆ ಕೂರಬೇಕು, ಕಾಲಿನ ಪಕ್ಕಕ್ಕೆ ನೇತಾಡಬಾರದು. ಹೊಸಬರು ಪಟ್ಟಿಯನ್ನು ಕಾಲಿನ ಮಗ್ಗುಲಿಗೆ ಒತ್ತಿ ನಾಲ್ಕು ಸ್ಕ್ರೂ ಹೊಡೆದು ಮುಗಿಸುತ್ತಾರೆ. ಆಗ 350 ಕೆಜಿಯೂ ಆ ಸ್ಕ್ರೂಗಳ ಕುತ್ತಿಗೆ ಮೇಲೆ ಬೀಳುತ್ತದೆ. ನೋಡಲು ಗಟ್ಟಿಯಾಗೇ ಇರುತ್ತದೆ, ವರ್ಷ ಕಳೆದ ಮೇಲೆ ತೂತು ಸಡಿಲವಾಗಿ ಮೆಲ್ಲಗೆ ಇಳಿಯಲು ಶುರು. ನುರಿತ ಬಡಗಿಗಳು ಕಾಲಿನ ತಲೆಯಲ್ಲಿ ಉಳಿಯಿಂದ ಕಚ್ಚು ತೆಗೆದು ಪಟ್ಟಿಯನ್ನು ಅದರಲ್ಲಿ ಕೂರಿಸುತ್ತಾರೆ. ನಿನಗೆ ಉಳಿ ಕೊಡತಿ ಹಿಡಿದು ಅಭ್ಯಾಸವಿಲ್ಲ, ಅದಕ್ಕೊಂದು ಸುಲಭದ ದಾರಿ ಇದೆ. ಪ್ರತಿ ಕಾಲನ್ನೂ ಎರಡು ತುಂಡಿನಲ್ಲಿ ಮಾಡು. ಹೊರಗಿನ ತುಂಡು ಪೂರ್ತಿ ಎತ್ತರದ್ದು, ಒಳಗಿನದು ನಾಲ್ಕಿಂಚು ಗಿಡ್ಡ. ಎರಡನ್ನೂ ಅಂಟು ಹಾಕಿ, ಸ್ಕ್ರೂ ಬಿಗಿದು ಒಂದು ಮಾಡು. ಒಳಗಿನ ಗಿಡ್ಡ ತುಂಡಿನ ತಲೆಯ ಮೇಲೆ ಪಟ್ಟಿ ಬಂದು ಕೂರುತ್ತದೆ, ಹೊರಗಿನದು ಅದನ್ನು ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ಭಾರ ಮರದಿಂದ ಮರಕ್ಕೆ, ಮರದಿಂದ ನೆಲಕ್ಕೆ ಇಳಿಯುತ್ತದೆ. ಸ್ಕ್ರೂಗೆ ಜೋಡಿಸಿ ಹಿಡಿದಿರುವ ಕೆಲಸ ಮಾತ್ರ ಉಳಿಯುತ್ತದೆ.

ಪಟ್ಟಿಯ ಕಡಿದ ತುದಿಗೆ, ಅಂದರೆ ಮರದ ನಾರಿನ ನೇರಕ್ಕೆ, ಹೊಡೆದ ಸ್ಕ್ರೂ ಹಿಡಿತ ಕಮ್ಮಿ. ಅಂಥ ಕಡೆ ಒಳಮೂಲೆಗೆ ಒಂದು ಮರದ ತುಂಡು ಕೊಟ್ಟು ಅಡ್ಡಕ್ಕೆ ಬಿಗಿ. ಕಬ್ಬಿಣದ ಕಪ್ಪು ಸ್ಕ್ರೂ ಬೇಡ, ತುಕ್ಕು ಹಿಡಿದು ಮರವನ್ನೂ ಕರಿ ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ತಗೋ. ಹಿತ್ತಾಳೆಯದೇ ಬೇಕು ಅನ್ನುವ ಷೋಕಿ ಇದ್ದರೆ, ಬೈರಿಗೆಯಿಂದ ತೂತು ಹೊಡೆದು, ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ತಿರುಗಿಸಿ ದಾರಿ ಮಾಡಿ, ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕು. ನೇರ ಹಾಕಿದರೆ ಸಾಗುವಾನಿಯೊಳಗೆ ಅದರ ಕುತ್ತಿಗೆ ಮುರಿಯುತ್ತದೆ. ಸ್ಕ್ರೂ ತುದಿಗೆ ಒಂದಿಷ್ಟು ಮೇಣ ಸವರಿಕೋ. ಅಂಟಿನ ವಿಷಯದಲ್ಲೂ ಸಾಗುವಾನಿಯದು ಒಂದು ತಕರಾರು. ಅದರ ಎಣ್ಣೆಗೆ ಅಂಟು ಕಚ್ಚುವುದಿಲ್ಲ. ಜೋಡಿಸುವ ಮುಖವನ್ನು ಆಗತಾನೇ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಆರಿದ ಕೂಡಲೇ ಅಂಟು ಹಾಕು. ಮಾಮೂಲಿ ಬಿಳಿ ಅಂಟು ಬೇಡ, ನೀರು ತಡೆಯುವ ಮರೀನ್ ಬಗೆಯದನ್ನೇ ಕೇಳಿ ತಗೋ.

ಈಗ ಓಲಾಟ. ಬೆಂಕಿಪೊಟ್ಟಣದ ಒಳಗಿನ ತಟ್ಟೆ ತೆಗೆದು ಬರಿಯ ಹೊರಕವಚವನ್ನು ಮೇಜಿನ ಮೇಲಿಟ್ಟು ಮೇಲಿಂದ ಬೆರಳಿಟ್ಟು ಪಕ್ಕಕ್ಕೆ ದೂಡಿ ನೋಡು, ಹಾಗೇ ಓರೆಯಾಗಿ ಮಲಗಿಬಿಡುತ್ತದೆ. ತಟ್ಟೆ ಒಳಗಿದ್ದರೆ ಅಲ್ಲಾಡುವುದಿಲ್ಲ. ಹಿಂಬದಿ ಮುಚ್ಚದ ಸ್ಟ್ಯಾಂಡಿನ ಪಾಡು ಆ ಖಾಲಿ ಕವಚದ್ದೇ. ಕಾಲು ಎಷ್ಟೇ ದಪ್ಪ ಇರಲಿ, ಆಯತವನ್ನು ಆಯತವಾಗಿ ಹಿಡಿದಿಡುವುದು ಮೂಲೆಯ ಕೀಲುಗಳು ಮಾತ್ರ, ಅವು ದಿನ ಕಳೆದಂತೆ ಸಡಿಲವಾಗುತ್ತವೆ. ಯಾರಾದರೂ ಒರಗಿದರು, ಕಸ ಗುಡಿಸುವವರ ಸೊಂಟ ತಾಗಿತು, ಒಳಗಿನ ನೀರು ಅಲೆ ಎದ್ದು ಅತ್ತಿತ್ತ ಹೊಡೆಯಿತು ಅಂದರೆ 350 ಕೆಜಿ ಪಕ್ಕಕ್ಕೆ ಜಗ್ಗುತ್ತದೆ. ಇದಕ್ಕೆ ಮದ್ದು ಹಿಂಬದಿಗೆ ಪೂರ್ತಿ 12 ಮಿ.ಮೀ. ಪ್ಲೈವುಡ್ ಹಾಳೆ, ಅಂಚಿನುದ್ದಕ್ಕೂ ಅಂಟು, ಗೇಣಿಗೊಂದರಂತೆ ಸ್ಕ್ರೂ. ಎರಡು ಮಗ್ಗುಲಿಗೂ ಹಾಗೇ. ಮುಂದೆ ಬಾಗಿಲು ಬರುವುದರಿಂದ ಅಲ್ಲಿ ಹಾಳೆ ಹೊಡೆಯಲಾಗದು, ಪರವಾಗಿಲ್ಲ, ಉಳಿದ ಮೂರು ಬದಿ ಹಿಡಿದುಕೊಳ್ಳುತ್ತವೆ. ಪೈಪು, ವೈರು ಹೋಗಲು ಹಿಂದಿನ ಹಾಳೆಯಲ್ಲಿ ತೂತು ಬೇಕಾಗುತ್ತದೆ. ಎರಡೋ ಮೂರೋ ಸಣ್ಣ ದುಂಡು ತೂತು ಹೊಡೆ, ಅಂಚಿನಿಂದ ಒಂದು ಗೇಣು ಒಳಗಿರಲಿ. ಕಿಟಕಿ ಹಾಗೆ ದೊಡ್ಡ ಚೌಕ ಕತ್ತರಿಸಿದರೆ ಹಾಳೆ ಹೊಡೆದೂ ಹೊಡೆಯದ ಹಾಗೆ.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ಓದು. ಐಎಸ್ 710 ಅಂತ ಇದ್ದರೆ ಅದು ಮರೀನ್ ದರ್ಜೆ, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವ ಪರೀಕ್ಷೆ ಅದಕ್ಕಿದೆ. ಐಎಸ್ 303ರ ಕಮರ್ಷಿಯಲ್ ಹಾಳೆ ಅಗ್ಗ, ಬಟ್ಟೆ ಬೀರುವಿಗೆ ಸರಿ, ಮೀನಿನ ಟ್ಯಾಂಕಿನ ಕೆಳಗೆ ಬೇಡ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅನ್ನುವ ಪುಡಿ ಒತ್ತಿದ ಹಲಗೆಗಳಿಗೆ ಒಂದು ಚೊಂಬು ನೀರು ಸಾಕು, ಉಬ್ಬಿ ಪುಡಿಯಾಗುತ್ತವೆ. ಅಂಗಡಿಗಳಲ್ಲಿ ಟ್ಯಾಂಕಿನ ಜೊತೆ ಕೊಡುವ ಚೆಂದದ ಕ್ಯಾಬಿನೆಟ್ಟುಗಳು ಬಹಳಷ್ಟು ಇದರವೇ. ನೀನೇ ಮಾಡುತ್ತೇನೆ ಅಂದಾಗ ನಾನು ಒಪ್ಪಿದ್ದೂ ಅದಕ್ಕೇ. ಮೇಲ್ಹಾಸಿಗೆ 18 ಮಿ.ಮೀ. ಹಾಳೆ ಇರಲಿ, ಟ್ಯಾಂಕಿಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದಿರಲಿ. ಗಾಜಿನ ಅಂಚು ಎಲ್ಲೂ ಗಾಳಿಯಲ್ಲಿ ನಿಲ್ಲಬಾರದು.

ಚೌಕಟ್ಟು ಜೋಡಿಸುವಾಗ ಮೂಲೆಮಟ್ಟ ಒಂದನ್ನೇ ನಂಬಬೇಡ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿ, ಎರಡೂ ಕರ್ಣ ಒಂದೇ ಅಳತೆ ಬಂದರೆ ಚೌಕಟ್ಟು ಸರಿಯಾಗಿದೆ ಅಂತ. ಇಲ್ಲದಿದ್ದರೆ ಉದ್ದ ಬಂದ ಮೂಲೆಗಳನ್ನು ಒತ್ತಿ ಸರಿಮಾಡಿ ಆಮೇಲೆ ಸ್ಕ್ರೂ ಬಿಗಿ. ಅಂದಹಾಗೆ ಕರೆಂಟ್ ಗರಗಸ ಬಾಡಿಗೆಗೆ ತಂದರೆ ದುಪಟ್ಟಾ, ಬಳೆ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕೂರು. ಇದರಲ್ಲಿ ಚರ್ಚೆ ಇಲ್ಲ.

ತಿರುಚಿದ ಮೇಲ್ಮೈ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಗಾಜಿನ ಟ್ಯಾಂಕು ಐದು ಹಾಳೆಗಳನ್ನು ಸಿಲಿಕೋನಿನಲ್ಲಿ ಅಂಟಿಸಿದ ಪೆಟ್ಟಿಗೆ. ನೀರಿನ ಭಾರ ಸಮನಾಗಿ ಕೆಳಗಿಳಿದರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಸ್ಟ್ಯಾಂಡಿನ ನಾಲ್ಕು ಮೂಲೆಯಲ್ಲಿ ಒಂದು ಮೂಲೆ ಎರಡು ಮೂರು ಮಿಲಿಮೀಟರ್ ಮೇಲಿದ್ದರೆ, ಗಾಜು ಆ ಮೂಲೆಯ ಮೇಲೆ ಮೊದಲು ಕೂತು, ಎದುರು ಮೂಲೆಗೆ ತಿರುಚಿಕೊಂಡು ಇಳಿಯಲು ನೋಡುತ್ತದೆ. ಗಾಜು ತಿರುಚಲಾರದು. ಒಂದೋ ತಳದ ಹಾಳೆ ಸೀಳುತ್ತದೆ, ಇಲ್ಲವೇ ಸಿಲಿಕೋನ್ ಬಿಟ್ಟುಕೊಳ್ಳುತ್ತದೆ. ಇದು ಆಗುವುದು ತುಂಬಿಸಿದ ದಿನವೇ ಅಂತಿಲ್ಲ, ತಿಂಗಳುಗಳ ಮೇಲೂ ಆದೀತು. ನೇರವಾಗಿರುವ ಎರಡು ಪಟ್ಟಿಗಳನ್ನು ಸ್ಟ್ಯಾಂಡಿನ ಎರಡು ತುದಿಗೆ ಅಡ್ಡಡ್ಡ ಇಟ್ಟು, ಒಂದು ಪಕ್ಕ ಬಗ್ಗಿ ಒಂದೇ ಕಣ್ಣಿನಿಂದ ನೋಡು. ಹತ್ತಿರದ ಪಟ್ಟಿಯ ಮೇಲಂಚೂ ದೂರದ ಪಟ್ಟಿಯ ಮೇಲಂಚೂ ಒಂದರ ಮೇಲೊಂದು ಸಮನಾಗಿ ಕೂತರೆ ತಿರುಚಿಲ್ಲ. ಒಂದು ತುದಿ ಎದ್ದು ಕಂಡರೆ ಅಲ್ಲಿ ಹತ್ತರಿ ಹಾಕಿ ತೆಳು ಮಾಡಬೇಕು.

ತಳಕ್ಕೂ ಸ್ಟ್ಯಾಂಡಿಗೂ ನಡುವೆ 10 ಮಿ.ಮೀ. ಥರ್ಮೋಕೋಲ್ ಹಾಳೆ ಇಡು. ಮರದ ಮೇಲೆ ಉಳಿದ ಒಂದು ಮರಳ ಕಣ ಸಾಕು ಗಾಜು ಸೀಳಲು, ಥರ್ಮೋಕೋಲ್ ಅದನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ಸಣ್ಣ ಉಬ್ಬು ತಗ್ಗು ನುಂಗುತ್ತದೆಯೇ ಹೊರತು ತಿರುಚಿದ ಚೌಕಟ್ಟನ್ನು ಅದು ಸರಿಮಾಡುವುದಿಲ್ಲ. ಟ್ಯಾಂಕಿನ ತಳಕ್ಕೆ ಪ್ಲಾಸ್ಟಿಕ್ ಚೌಕಟ್ಟು ಬಂದಿದ್ದರೆ ಥರ್ಮೋಕೋಲ್ ಇಡಬಾರದು, ಅದು ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ. ನೆಲದ ವಾಟ ಸರಿಪಡಿಸಲು ತುಂಡು ಕೊಡುವುದಿದ್ದರೆ ಕಾಲಿನ ಕೆಳಗೆ ಕೊಡು, ಟ್ಯಾಂಕಿನ ಮೂಲೆಗೆ ರಟ್ಟಿನ ಚೂರು ಸಿಕ್ಕಿಸುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಕಾಲಿನ ತಳದ ವಿಷಯಕ್ಕೆ ಬಂದೆ. ದಿನಾ ನೆಲ ಒರೆಸುವ ಮನೆ ನಮ್ಮದು. ಕಾಲಿನ ಕೆಳಮುಖ ಅಂದರೆ ಮರದ ಕಡಿದ ಮುಖ, ನೀರು ಹೀರುವುದರಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಆ ಮುಖಗಳಿಗೆ ಜೋಡಿಸುವ ಮುಂಚೆಯೇ ಮೂರು ನಾಲ್ಕು ಸಲ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಹಚ್ಚಿ ಕುಡಿಸು. ಪ್ಲೈವುಡ್ಡಿನ ಅಂಚುಗಳಿಗೂ ಅಷ್ಟೇ. ಗ್ರಾನೈಟ್ ಅಂಗಡಿಯ ಹೊರಗೆ ಬಿಸಾಕಿರುವ ಚೂರು ಕೇಳಿ ತಂದು ಒಂದೊಂದು ಕಾಲಿಗೂ ಒಂದೊಂದು ಕೊಡು, ಕೆಳಗೆ ತೆಳು ರಬ್ಬರು ಇರಲಿ. ಭಾರ ಟೈಲಿನ ಮೇಲೆ ಹರಡಿ ಕೂರುತ್ತದೆ, ಒರೆಸುವ ಬಟ್ಟೆಯ ನೀರು ಮರಕ್ಕೆ ತಾಗುವುದೂ ಇಲ್ಲ.

ಪಾಲಿಶಿನವರು ಸ್ಪಿರಿಟ್ ಪಾಲಿಶ್ ಹೊಡೆಯುತ್ತೇವೆ, ಹೊಳಪು ನೋಡಿ ಅಂತ ಬರುತ್ತಾರೆ. ಅದು ಅರಗಿನದು, ನೀರು ನಿಂತ ಕಡೆ ಬೆಳ್ಳಗೆ ಕಲೆ ಕಟ್ಟುತ್ತದೆ. ಪಿಯು ಅಥವಾ ಒಳ್ಳೆಯ ವಾರ್ನಿಷ್ ಸಾಕು. ಒಳಬದಿಗೂ ಹಚ್ಚು, ಒಳಗೆ ಯಾರು ನೋಡುತ್ತಾರೆ ಅನ್ನಬೇಡ. ಪೈಪಿನ ಜೋಡಣೆಯಿಂದ ಹನಿ ತೊಟ್ಟಿಕ್ಕುವುದು ಅಲ್ಲೇ. ಪ್ರತಿ ಕೋಟಿನ ನಡುವೆ ನಯವಾದ ಪಾಲಿಶ್ ಪೇಪರ್ ಆಡಿಸು, ಕೊನೆಯ ಕೋಟಾದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಮೀನು ತರಬೇಡ.

ಕರೆಂಟಿನ ವಿಚಾರವನ್ನು ಮರದ ಕೆಲಸ ಮಾಡುವಾಗಲೇ ಯೋಚಿಸು. ಎಕ್ಸ್‌ಟೆನ್ಷನ್ ಬೋರ್ಡನ್ನು ಸ್ಟ್ಯಾಂಡಿನೊಳಗೆ ನೆಲದ ಮೇಲೆ ಬಿಸಾಡದೆ ಒಳಗಿನ ಮಗ್ಗುಲಿಗೆ ಎತ್ತರದಲ್ಲಿ ಸ್ಕ್ರೂ ಹಾಕಿ ನಿಲ್ಲಿಸು. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಂದು ಸುತ್ತು ಇಳಿದು ಮೇಲೆ ಹೋಗಬೇಕು. ವೈರಿನ ಮೇಲೆ ಹರಿದುಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಮನೆಯ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ನರನ್ನು ಕೇಳು, ಇಲ್ಲದಿದ್ದರೆ ಹಾಕಿಸಿದ ಮೇಲೇ ನೀರಿಗೆ ಕೈ ಹಾಕು. ಗಾಳಿ ಊದುವ ಪಂಪು ಸ್ಟ್ಯಾಂಡಿನೊಳಗೆ ಇಟ್ಟರೆ ಅದು ಟ್ಯಾಂಕಿನ ನೀರಿಗಿಂತ ಕೆಳಗಾಯಿತು. ಕರೆಂಟು ಹೋದಾಗ, ನಿಮ್ಮ ಏರಿಯಾದಲ್ಲಿ ಅದು ಹೋಗದ ದಿನ ಯಾವುದಿದೆ ಹೇಳು, ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ, ಅಲ್ಲಿಂದ ನಿನ್ನ ಹೊಸ ಪ್ಲೈವುಡ್ಡಿಗೆ. ಅಂಗಡಿಯಲ್ಲಿ ನಾನ್-ರಿಟರ್ನ್ ವಾಲ್ವ್ ಅಂತ ಬೆರಳುದ್ದದ ಪ್ಲಾಸ್ಟಿಕ್ ತುಂಡು ಸಿಗುತ್ತದೆ, ಟ್ಯೂಬಿನ ನಡುವೆ ಸಿಕ್ಕಿಸಿಬಿಡು. ಬಾಣದ ಗುರುತು ಟ್ಯಾಂಕಿನ ಕಡೆಗಿರಲಿ.

ಬಾಡಿಗೆ ಮನೆ ಅನ್ನುವುದನ್ನೂ ಮರೆಯಬೇಡ. ಮಗ್ಗುಲ ಚೌಕಟ್ಟುಗಳನ್ನು ಅಂಟು ಹಾಕಿ ಗಟ್ಟಿ ಮಾಡು. ಮುಂದಿನ ಹಿಂದಿನ ಉದ್ದ ಪಟ್ಟಿಗಳನ್ನು ಮಾತ್ರ ಅಂಟಿಲ್ಲದೆ, ಅಗಲ ವಾಷರ್ ಹಾಕಿದ ಬೋಲ್ಟ್ ನಟ್ಟಿನಲ್ಲಿ ಜೋಡಿಸು. ಹಿಂದಿನ ಹಾಳೆಗೆ ಆಗ ಅಂಟಿನ ಬದಲು ಸ್ಕ್ರೂಗಳನ್ನೇ ಒತ್ತೊತ್ತಾಗಿ ಹಾಕು, ಗೇಣಿಗೊಂದರ ಬದಲು ಮೂರಿಂಚಿಗೊಂದು. ಮನೆ ಬದಲಿಸುವಾಗ ಬಿಚ್ಚಿ, ಲಿಫ್ಟಿನಲ್ಲಿ ಹಿಡಿಸಿಕೊಂಡು ಹೋಗಬಹುದು.

ಟ್ಯಾಂಕು ಇಡುವ ಮುಂಚೆ ಸ್ಟ್ಯಾಂಡನ್ನು ಅದರ ಜಾಗದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡು. ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವವರ ಹತ್ತಿರ ಏಳು ಮೂಟೆ ಸಿಮೆಂಟು ಕೇಳು, ಒಂದು ಮೂಟೆಗೆ 50 ಕೆಜಿ, ಸರಿಯಾಗಿ 350 ಆಯಿತು. ಅಡಿಗೆ ಪ್ಲಾಸ್ಟಿಕ್ ಹಾಸಿ ಮೂಟೆಗಳನ್ನು ಮೇಲೆ ಜೋಡಿಸಿ ಒಂದು ರಾತ್ರಿ ಬಿಡು. ಮುಂದಿನ ಪಟ್ಟಿಯ ತುದಿಯಿಂದ ತುದಿಗೆ ದಾರ ಬಿಗಿದು ಕಟ್ಟಿರು. ಬೆಳಿಗ್ಗೆ ದಾರಕ್ಕೂ ಪಟ್ಟಿಗೂ ನಡುವೆ ಸಂದು ಕಂಡರೆ ನಡುಗಾಲು ಸರಿಯಾಗಿ ಕೂತಿಲ್ಲ. ಭಾರ ಇರುವಾಗಲೇ ಮೇಲಿನ ಮೂಲೆಯನ್ನು ಅಂಗೈಯಿಂದ ಪಕ್ಕಕ್ಕೆ ದೂಡು, ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ. ಕಿರ್ ಅಂದರೆ ಹಿಂದಿನ ಹಾಳೆಗೆ ಇನ್ನಷ್ಟು ಸ್ಕ್ರೂ ಬೇಕು. ಈ ಪರೀಕ್ಷೆಯನ್ನು ನೀರು ತುಂಬಿದ ಟ್ಯಾಂಕಿನ ಮೇಲೆ ಮಾಡುವುದಲ್ಲ.

ನೀರನ್ನು ಮೊದಲ ದಿನ ಅರ್ಧಕ್ಕೆ ನಿಲ್ಲಿಸು. ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನವರೆಗೆ ಸ್ಕೇಲಿನಲ್ಲಿ ಅಳೆದು ಬರೆದುಕೋ. ರಸಮಟ್ಟ ಸುಳ್ಳು ಹೇಳಿದರೂ ನೀರು ಹೇಳುವುದಿಲ್ಲ. ಎರಡು ಮೂಲೆಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪೂರ್ತಿ ಖಾಲಿ ಮಾಡಿ, ಟ್ಯಾಂಕು ಇಳಿಸಿ, ಕಾಲಿನ ಕೆಳಗಿನ ತುಂಡು ಸರಿಪಡಿಸು. ನೀರಿರುವಾಗಲೇ ಸನ್ನೆ ಹಾಕಿ ಎತ್ತಿ ತುಂಡು ತುರುಕೋಣ ಅಂತ ಅಳಿಯಂದಿರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಒಂದು ದಿನ ಹಾಗೇ ಬಿಟ್ಟು, ಅಳತೆ ಬದಲಾಗಿಲ್ಲ ಅಂತ ಖಾತ್ರಿಯಾದ ಮೇಲೆ ಉಳಿದರ್ಧ ತುಂಬು. ತಿಂಗಳಾದ ಮೇಲೆ ಬೋಲ್ಟುಗಳನ್ನು ಒಂದು ಸುತ್ತು ನೋಡು, ಮರ ಮನೆಯ ಹವೆಗೆ ಹೊಂದಿಕೊಳ್ಳುವಾಗ ಅರ್ಧ ತಿರುವು ಸಡಿಲವಾಗಿರುತ್ತವೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಆತುರಪಟ್ಟು ಅಂಚು ಕೆರೆಯಬೇಡ, ಸಂಕ್ರಾಂತಿ ಹೊತ್ತಿಗೆ ತಾನೇ ಕುಗ್ಗುತ್ತದೆ. ಆಗಲೂ ಬಿಗಿ ಇದ್ದರೆ ಮಾತ್ರ ಹತ್ತರಿ ಹಿಡಿ.